ಮಾಜಿ ಸೈನಿಕರ ಗುರುತಿನ ಚೀಟಿ: ಡಿಸ್ಚಾರ್ಜ್ ಬುಕ್‌ನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಎಲ್ಲಿಂದ ಶುರು ಮಾಡೋದು?

ಹಾವೇರಿ_ಟು_ಮೈಸೂರು:

ಅಪ್ಪ ಮರಾಠಾ ಲೈಟ್ ಇನ್‌ಫೆಂಟ್ರಿಯಿಂದ 2004ರಲ್ಲಿ ಹವಾಲ್ದಾರ್ ಆಗಿ ನಿವೃತ್ತರು. ಆಮೇಲೆ ಆಗಸ್ಟ್ 15ರ ಪಟ್ಟಿಯಲ್ಲಿ ಆನರರಿ (ಗೌರವಾರ್ಥ) ನಾಯಬ್ ಸುಬೇದಾರ್ ಬಂತು. ಪಿಂಚಣಿ ಈಗ ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆ ಸ್ಪರ್ಶ್‌ನಲ್ಲಿದೆ. ಗುರುತಿನ ಚೀಟಿ ಆಗಲೇ ಧಾರವಾಡದ ಸೈನಿಕ್ ಬೋರ್ಡ್‌ನಲ್ಲಿ ಮಾಡಿಸಿದ್ದು. ಲ್ಯಾಮಿನೇಷನ್ ಒಳಗೆ ನೀರಿಳಿದು ಫೋಟೊದಲ್ಲಿ ಮುಖವೇ ಉಳಿದಿಲ್ಲ, ರ‍್ಯಾಂಕ್ ಕೂಡ ಹಳೆಯದೇ.

ಅಪ್ಪ ಅಮ್ಮ ಇಬ್ಬರೂ ಈಗ ಮೈಸೂರಿನಲ್ಲಿ ನಮ್ಮ ಜೊತೆ ಇದ್ದಾರೆ. ಹೊಸ ಕಾರ್ಡ್ ಇಲ್ಲೇ ಆಗುತ್ತಾ, ಧಾರವಾಡಕ್ಕೇ ಹೋಗಬೇಕಾ? ಡಿಸ್ಚಾರ್ಜ್ ಬುಕ್‌ನಲ್ಲಿ (ಸೇನೆಯಿಂದ ಬಿಡುಗಡೆಯಾದಾಗ ಕೊಡೋ ಪುಸ್ತಕ) ಹೆಸರು, ತಂದೆ ಹೆಸರು, ಅಡ್ಡಹೆಸರು ಮೂರೂ ಪೂರ್ತಿ ಇವೆ. ಆಧಾರ್‌ನಲ್ಲಿ ಹೆಸರು ಮತ್ತು ಎರಡು ಇನಿಷಿಯಲ್ ಅಷ್ಟೇ. ಅಮ್ಮನ ಹೆಸರು ಪಿಪಿಒದಲ್ಲಿ (ಪಿಂಚಣಿ ಪಾವತಿ ಆದೇಶ) ತವರಿನದು, ಆಧಾರ್‌ನಲ್ಲಿ ಮದುವೆಯಲ್ಲಿ ಇಟ್ಟದ್ದು, ಹುಟ್ಟಿದ ವರ್ಷವೂ ಬೇರೆ. ಇಷ್ಟಕ್ಕೂ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್, ಕ್ಯಾಂಟೀನ್ ಕಾರ್ಡ್ ಎರಡೂ ಇರುವಾಗ ಈ ಚೀಟಿ ಬೇಕೇ ಬೇಕಾ?

ಕಡತದ_ಕಂತೆ:

ಕೊನೇ ಪ್ರಶ್ನೆಯಿಂದ ಶುರು ಮಾಡ್ತೀನಿ. ಬೇಕು. ಇಸಿಎಚ್‌ಎಸ್ ಕಾರ್ಡ್ ಪಾಲಿಕ್ಲಿನಿಕ್‌ಗೆ, ಕ್ಯಾಂಟೀನ್ ಕಾರ್ಡ್ ಯುಆರ್‌ಸಿ (ಸೇನಾ ಕ್ಯಾಂಟೀನ್) ಕೌಂಟರಿಗೆ. ಎರಡೂ ಸೌಲಭ್ಯದ ಕಾರ್ಡುಗಳು. ಅವಲಂಬಿತರ ಹೆಸರಲ್ಲೂ ಇಸಿಎಚ್‌ಎಸ್ ಕಾರ್ಡ್ ಇರುತ್ತೆ, ಹಾಗಾಗಿ ಅದನ್ನು ಹಿಡಿದವರೆಲ್ಲ ಮಾಜಿ ಸೈನಿಕರಲ್ಲ. ಸರ್ಕಾರಿ ನೇಮಕಾತಿ, ನಿವೇಶನ, ಮಕ್ಕಳ ಸೀಟು, ಸಹಾಯಧನ ಇಂಥ ಕಡೆ ಕೇಳೋದು ಜಿಲ್ಲಾ ಸೈನಿಕ್ ಬೋರ್ಡ್ ಕೊಟ್ಟ ಗುರುತಿನ ಚೀಟಿ. ನಮ್ಮಲ್ಲಿ ಬೋರ್ಡ್ ಅಂದರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿ. ಬಾಯಲ್ಲಿ ಮಾತ್ರ ಎಲ್ಲರೂ ಈಗಲೂ ಸೈನಿಕ್ ಬೋರ್ಡ್ ಅಂತಲೇ ಹೇಳೋದು.

ಮೈಸೂರಿನಲ್ಲೇ ಆಗುತ್ತೆ, ಆದರೆ ನೇರ ಹೋಗಿ ಅರ್ಜಿ ಕೊಟ್ಟರೆ ವಾಪಸ್ ಕಳಿಸುತ್ತಾರೆ. ನಿಮ್ಮಪ್ಪನ ನೋಂದಣಿ ಇರೋದು ಧಾರವಾಡದ ರಿಜಿಸ್ಟರಿನಲ್ಲಿ. (ಎಲ್ಲ ಜಿಲ್ಲೆಗೂ ಪ್ರತ್ಯೇಕ ಕಚೇರಿ ಇಲ್ಲ, ಹಾವೇರಿಯವರು ಧಾರವಾಡಕ್ಕೆ ಹೋಗೋದು, ಉಡುಪಿಯವರು ಮಂಗಳೂರಿಗೆ.) ಒಬ್ಬರೇ ಎರಡು ಜಿಲ್ಲೆಯಲ್ಲಿ ನೋಂದಣಿಯಾದರೆ ಒಂದೇ ಸಹಾಯಧನ ಎರಡು ಕಡೆ ಪಡೆಯೋಕೆ ದಾರಿಯಾಗುತ್ತೆ. ಅದಕ್ಕೇ ಹಳೇ ಕಚೇರಿಯಿಂದ ಎನ್‌ಒಸಿ ಕೇಳ್ತಾರೆ. ಧಾರವಾಡದ ಕಚೇರಿಗೆ ಒಂದು ಪುಟದ ಅರ್ಜಿ ಬರೆಯಿರಿ: ಸೇನಾ ಸಂಖ್ಯೆ, ರ‍್ಯಾಂಕ್, ಹೆಸರು, ಹಳೇ ಚೀಟಿಯ ಸಂಖ್ಯೆ, ಮೈಸೂರಿನ ವಿಳಾಸ, 'ನನ್ನ ನೋಂದಣಿ ಹಾಗೂ ದಾಖಲೆಗಳನ್ನು ಮೈಸೂರು ಕಚೇರಿಗೆ ವರ್ಗಾಯಿಸಿ' ಅನ್ನೋ ಒಂದು ಸಾಲು. ಜೊತೆಗೆ ಹಳೇ ಚೀಟಿಯ ಎರಡೂ ಬದಿ ಜೆರಾಕ್ಸ್, ಮೈಸೂರಿನ ವಿಳಾಸದ ಪುರಾವೆ. ಅಂಚೆಯಲ್ಲಿ ಕಳಿಸೋದಾದರೆ ಸ್ಪೀಡ್ ಪೋಸ್ಟ್ ಮಾಡಿಸಿ, ರಸೀದಿ ಇಟ್ಟುಕೊಳ್ಳಿ. ಒಂದು ಫೋನ್ ಮಾಡಿ ಕೇಳಿಕೊಂಡು ಆಮೇಲೆ ಕಳಿಸಿದರೆ ಇನ್ನೂ ಒಳ್ಳೇದು.

ಮೈಸೂರಿಗೆ ಹೋಗುವಾಗ ಒಯ್ಯಬೇಕಾದ್ದು: ಡಿಸ್ಚಾರ್ಜ್ ಬುಕ್ ಅಸಲು, ಅದರಲ್ಲಿ ಬರಹ ಇರುವ ಪ್ರತಿ ಪುಟದ ಜೆರಾಕ್ಸ್, ಪಿಪಿಒ ಮತ್ತು ಆಮೇಲೆ ಬಂದ ಎಲ್ಲ ಕೊರಿಜೆಂಡಮ್ (ತಿದ್ದುಪಡಿ) ಪಿಪಿಒ, ಆಧಾರ್, ಪ್ಯಾನ್, ಪಿಂಚಣಿ ಬರುವ ಖಾತೆಯ ಪಾಸ್‌ಬುಕ್ ಮೊದಲ ಪುಟ, ಪಾಸ್‌ಪೋರ್ಟ್ ಅಳತೆಯ ಫೋಟೊ ಒಂದು ನಾಲ್ಕು, ಸ್ಟಾಂಪ್ ಅಳತೆಯದು ಎರಡು, ಗಂಡ ಹೆಂಡತಿ ಜೊತೆಗಿರುವ ಜಾಯಿಂಟ್ ಫೋಟೊ ಎರಡು, ರಕ್ತದ ಗುಂಪಿನ ಚೀಟಿ, ಹಳೇ ಗುರುತಿನ ಚೀಟಿ. ಮುಖ ಅಳಿಸಿಹೋದ ಚೀಟಿಯನ್ನೂ ಎಸೀಬೇಡಿ. ಅದನ್ನು ಒಪ್ಪಿಸಿದರೆ 'ಹಾಳಾದ ಚೀಟಿಗೆ ಬದಲಿ' ಆಗುತ್ತೆ. ಇಲ್ಲದಿದ್ದರೆ 'ಕಳೆದುಹೋದದ್ದು' ಅಂತಾಗಿ ಪೊಲೀಸ್ ಠಾಣೆಯ ಸ್ವೀಕೃತಿ, ಅಫಿಡವಿಟ್ ಅಂತ ಎರಡು ಸುತ್ತು ಜಾಸ್ತಿ. ಅರ್ಜಿ ಆನ್‌ಲೈನ್ ಹಾಕಿದರೂ ಅಸಲು ಪುಸ್ತಕ ತೋರಿಸೋಕೆ ಹೋಗಲೇಬೇಕು.

ಪುಸ್ತಕದಲ್ಲಿ ಒಂದು ಚಿಕ್ಕ ವಿಷಯ ನೋಡಿಕೊಳ್ಳಿ. ಸೇನಾ ಸಂಖ್ಯೆಯ ಅಂಕಿಗಳಾದ ಮೇಲೆ ಒಂದು ಇಂಗ್ಲಿಷ್ ಅಕ್ಷರ ಇರುತ್ತೆ. ಅದು ಅಲಂಕಾರಕ್ಕಿಲ್ಲ, ಅಂಕಿಗಳು ಸರಿಯಿವೆಯಾ ಅಂತ ತಾಳೆ ನೋಡೋಕೆ ಲೆಕ್ಕ ಹಾಕಿ ಇಟ್ಟಿದ್ದು. ಅರ್ಜಿಯಲ್ಲಿ ಆ ಅಕ್ಷರ ಬಿಟ್ಟರೆ, ಅಥವಾ ಕೈಬರಹದ 'ಎಚ್' ಅನ್ನು 'ಎನ್' ಅಂತ ಓದಿ ಬರೆದರೆ, ರೆಕಾರ್ಡ್ ಆಫೀಸಿನಿಂದ (ರೆಜಿಮೆಂಟಿನವರ ಸೇವಾ ದಾಖಲೆ ಇಡೋ ಕಚೇರಿ) ಕಾಗದ 'ಈ ಸಂಖ್ಯೆಯವರು ನಮ್ಮಲ್ಲಿಲ್ಲ' ಅಂತ ತಿರುಗಿ ಬರುತ್ತೆ. ಸೇವೆಯಲ್ಲಿದ್ದಾಗಲೇ ನಾಯಬ್ ಸುಬೇದಾರ್ ಆದವರಿಗೆ ಜೆಸಿ (ಜೂನಿಯರ್ ಕಮಿಷನ್ಡ್) ಸಂಖ್ಯೆ ಬೇರೆ ಬಂದಿರುತ್ತೆ. ಅಂಥವರು ಹಳೇ ಸಂಖ್ಯೆ, ಜೆಸಿ ಸಂಖ್ಯೆ ಎರಡನ್ನೂ ಬರೀಬೇಕು.

ಬೆಳಗಾವಿ_ಕುಂದಾ:

ಹೆಸರಿನ ವಿಷಯಕ್ಕ ನಾ ಬರೀತೀನ್ರಿ, ಇದರಾಗ ಮಂದಿ ತಪ್ಪೋದು ಅನುಕ್ರಮದಾಗ. ಡಿಸ್ಚಾರ್ಜ್ ಬುಕ್ ಬರೋದು ರೆಕಾರ್ಡ್ ಆಫೀಸಿನಿಂದ. ಅವರ ದಾಖಲೆ ಹಿಡಿದು ಪ್ರಯಾಗರಾಜದ ಪಿಸಿಡಿಎ ಪಿಂಚಣಿ ಆಫೀಸು ಪಿಪಿಒ ಕೊಡ್ತದ. ಪಿಪಿಒ ನೋಡಿ ಸ್ಪರ್ಶ್, ಪುಸ್ತಕ ಮತ್ತ ಪಿಪಿಒ ನೋಡಿ ಸೈನಿಕ್ ಬೋರ್ಡ್ ಚೀಟಿ, ಅದನ್ನ ನೋಡಿ ಕ್ಯಾಂಟೀನ್. ತಪ್ಪು ಯಾವ ಮೆಟ್ಟಿಲದಾಗ ಹುಟ್ಟೈತೋ ಅಲ್ಲೇ ತಿದ್ದಬೇಕು. ಸೈನಿಕ್ ಬೋರ್ಡ್ ಟೇಬಲ್ ಮುಂದ ನಿಂತು 'ನಮ್ಮ ಹೆಂಡ್ತಿ ಹೆಸರ ಸರಿ ಮಾಡ್ರಿ' ಅಂದ್ರ ಅವರ ಕೈಯಾಗ ಏನೂ ಇಲ್ಲ.

ನಿಮ್ಮ ಅಪ್ಪಾರ ಹೆಸರಿಗೆ ರೆಕಾರ್ಡ್ ಆಫೀಸ್ ತನಕ ಹೋಗೋ ಗರಜೇ ಇಲ್ಲ. ಪುಸ್ತಕ, ಪಿಪಿಒ ಎರಡರಾಗೂ ಒಂದೇ ಥರ ಇದ್ರ ಬದಲಿ ಆಗಬೇಕಾದ್ದು ಆಧಾರ್. ಆಧಾರ್‌ನಾಗ ಹೆಸರು ಜೀವಮಾನದಾಗ ಎರಡೇ ಸಲ ತಿದ್ದಾಕ ಅವಕಾಶ, ಅದಕ್ಕ ಸ್ಪೆಲಿಂಗ್ ಪಿಪಿಒ ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ ಹಾಕಸ್ರಿ. ಭರತಿ ಟೈಮಿನಾಗ ಬರಕೊಂಡವರು ಹಿಂದಿ ಮಾತಾಡೋ ಕ್ಲರ್ಕ್‌ಗಳು. ನಮ್ಮ 'ಬಸವ' ಅವರ ಕಿವಿಗೆ 'ಬಸ್ವ', 'ಷಣ್ಮುಖ' ಹೋಗಿ 'ಸನ್ಮುಖ', 'ಗೌಡ' ಹೋಗಿ 'ಗೌಡಾ'. ಆವಾಗ ಬಿಟ್ಟ ಒಂದು 'ಎ' ಅಕ್ಷರ ಇವತ್ತು ಜೀವನ್ ಪ್ರಮಾಣ್ (ಬದುಕಿದ್ದೀನಿ ಅನ್ನೋ ಡಿಜಿಟಲ್ ಪತ್ರ) ಮಾಡೋ ಮುಂದ ಅಡ್ಡ ಬರ್ತದ. ಸ್ಪೆಲಿಂಗ್ ನಿಮಗ ಎಷ್ಟ ವಿಚಿತ್ರ ಕಂಡ್ರೂ ಪಿಪಿಒದಾಗ ಇದ್ದಂಗ ಇರಲಿ. ಆಧಾರ್ ಆದಮ್ಯಾಲ ಪ್ಯಾನ್, ಆಮ್ಯಾಲ ಬ್ಯಾಂಕ್. ಮೊದಲ ಪ್ಯಾನ್ ತಿದ್ದಿಸಿ ಕುಂತ್ರ ಆಧಾರ್ ಹೆಸರಿಗೆ ತಾಳೆ ಆಗೂದಿಲ್ಲ.

ಅವ್ವಾರದು ಮಾತ್ರ ಬೆಳಗಾವಿಗೇ ಬರಬೇಕು, ಮರಾಠಾದ ರೆಕಾರ್ಡ್ ಆಫೀಸ್ ಇಲ್ಲೇ ಐತಿ. ನಮ್ಮ ಕಡೆ ಮದುವ್ಯಾಗ ಹೆಸರ ಬದಲಿಸೋ ಪದ್ಧತಿ, ಅದಕ್ಕ ಇದು ಮನಿ ಮನಿ ಕತಿ. ಬೇಕಾದ ಕಾಗದ: ಎರಡೂ ಹೆಸರು ಒಬ್ಬಾಕಿದೇ ಅಂತ ಅಫಿಡವಿಟ್, ಆಕಿ ಆಧಾರ್, ಪ್ಯಾನ್, ಹುಟ್ಟಿದ ದಿನಾಂಕಕ್ಕ ಶಾಲಿ ದಾಖಲಾತಿ ಇದ್ರ ಛಲೋ, ಜಾಯಿಂಟ್ ಫೋಟೊ, ಪಿಪಿಒ ಪ್ರತಿ, ಅಪ್ಪಾರ ಸಹಿ ಇರೋ ಅರ್ಜಿ. ಅರ್ಜಿ ಮ್ಯಾಲ ಸೈನಿಕ್ ಬೋರ್ಡ್ ಅಧಿಕಾರಿಯ ಕೌಂಟರ್‌ಸೈನ್ (ದೃಢೀಕರಣದ ಸಹಿ) ಹಾಕಿಸಿ ಕಳಸ್ರಿ. ರೆಕಾರ್ಡ್ಸ್‌ನವರು ತಮ್ಮ ದಾಖಲೆ ತಿದ್ದಿ ಪ್ರಯಾಗರಾಜಕ್ಕ ಬರೀತಾರ, ಅಲ್ಲಿಂದ ಕೊರಿಜೆಂಡಮ್ ಪಿಪಿಒ. ಅಫಿಡವಿಟ್‌ನಾಗ ಮಂದಿ ಮಾಡೋ ತಪ್ಪು ಒಂದೈತಿ: ಹೆಸರಿನ ಸಂಗತಿ ಬರೆದು ಹುಟ್ಟಿದ ದಿನಾಂಕ ಬಿಡ್ತಾರ. ಎರಡೂ ಒಂದರಾಗ ಹಾಕ್ರಿ, ಇಲ್ಲಾಂದ್ರ ಆರ್ ತಿಂಗಳ ಬಿಟ್ಟು ಅದೇ ದಾರಿ ಮತ್ತೊಮ್ಮೆ ತುಳೀಬೇಕು.

ಈ ಕೆಲಸ ಅಪ್ಪಾರು ಗಟ್ಟಿ ಇದ್ದಾಗ ಮುಗಿಸ್ರಿ. ಅವರ ಸಹಿಯಿಂದ ಆಗೋದು ಒಂದು ಅರ್ಜಿ. ಅವರು ಇಲ್ಲದಾಗ ಅವ್ವಾ ಒಬ್ಬಾಕಿನ ತಾ ಯಾರ ಹೆಂಡ್ತಿ ಅಂತ ರುಜುವಾತ ಮಾಡಬೇಕು, ಅಷ್ಟು ದಿನ ಕುಟುಂಬ ಪಿಂಚಣಿ ನಿಂತಿರ್ತದ.

ಆನರರಿ ರ‍್ಯಾಂಕ್ ಸಲೀಸು. ಅದರ ಕೊರಿಜೆಂಡಮ್ ಪಿಪಿಒ ಬಂದಿದ್ರ ಅದನ್ನ ತೋರಿಸ್ರಿ, ಹೊಸಾ ಚೀಟಿಮ್ಯಾಲ ಆನರರಿ ನಾಯಬ್ ಸುಬೇದಾರ್ ಅಂತ ಬರೀತಾರ. ಬರೇ ಅಭಿನಂದನಾ ಪತ್ರ ಇಟ್ಟುಕೊಂಡು ಹೋದ್ರ ನಡೆಯೂದಿಲ್ಲ.

ಮಲೆನಾಡು_ಮಳೆ:

ಇದೇ ಎಳೆಯಲ್ಲಿ ಕೇಳಿಬಿಡ್ತೇನೆ. ಒಬ್ಬರು ಆರ್ಮಿಯಲ್ಲಿ ಏಳು ವರ್ಷ ಇದ್ದು ಮನೆ ಸಮಸ್ಯೆಯಿಂದ ತಾವೇ ಬಿಟ್ಟು ಬಂದವರು, ಪಿಂಚಣಿ ಇಲ್ಲ. ಇನ್ನೊಬ್ಬರು ಬಿಎಸ್‌ಎಫ್‌ನಲ್ಲಿ ಪೂರ್ತಿ ಸೇವೆ ಮುಗಿಸಿ ಪಿಂಚಣಿ ತಗೊಳ್ತಿರೋರು. ಇಬ್ಬರಿಗೂ ಈ ಚೀಟಿ ಸಿಗುತ್ತಾ? ಡಿಸ್ಚಾರ್ಜ್ ಬುಕ್ ಇದ್ದರೆ ಸಾಕು ಅಂತ ಕೆಲವರು ಹೇಳ್ತಾರೆ.

ರೂಲ್_ಹದಿಮೂರು:

ಇಬ್ಬರಿಗೂ ಸಿಗಲ್ಲ. ಕಾರಣ ಮಾತ್ರ ಬೇರೆ ಬೇರೆ.

ಬಿಎಸ್‌ಎಫ್, ಸಿಆರ್‌ಪಿಎಫ್, ಸಿಐಎಸ್‌ಎಫ್, ಐಟಿಬಿಪಿ ಇವೆಲ್ಲ ಗೃಹ ಸಚಿವಾಲಯದ ಪಡೆಗಳು. 'ಮಾಜಿ ಸೈನಿಕ' ಅನ್ನೋ ಪದದ ಕಾನೂನು ಅರ್ಥದೊಳಗೆ ಬರೋದು ಭೂಸೇನೆ, ನೌಕಾಪಡೆ, ವಾಯುಪಡೆಯವರು. ಅರೆಸೇನಾ ಪಡೆಯವರಿಗೆ ಮಾಜಿ ಸಿಎಪಿಎಫ್ (ಕೇಂದ್ರ ಸಶಸ್ತ್ರ ಪೊಲೀಸ್ ಪಡೆ) ಅನ್ನೋ ಬೇರೆ ಹೆಸರೇ ಇದೆ, ಅವರ ಗುರುತು ಚೀಟಿ ಅವರವರ ಪಡೆಯಿಂದಲೇ. ಗಡಿಯಲ್ಲಿ ನಿಂತವರನ್ನು ಹೀಗೆ ಎರಡು ಸಾಲು ಮಾಡಿದ್ದು ನ್ಯಾಯವಾ ಅಂತ ಕೇಳಿದರೆ ಅದು ಬೇರೆ ಚರ್ಚೆ. ಸೈನಿಕ್ ಬೋರ್ಡ್ ಕೌಂಟರಿನಲ್ಲಿ ಅದಕ್ಕೆ ಉತ್ತರ ಇಲ್ಲ.

ಏಳು ವರ್ಷದವರ ವಿಷಯಕ್ಕೆ ಡಿಸ್ಚಾರ್ಜ್ ಬುಕ್ ಸಾಕು ಅನ್ನೋ ಮಾತು ಅರ್ಧ ಸತ್ಯ. ಪುಸ್ತಕದಲ್ಲಿ 'ಬಿಡುಗಡೆಯ ಕಾರಣ' ಅನ್ನೋ ಒಂದು ಸಾಲು ಇರುತ್ತೆ. ಬೋರ್ಡ್‌ನವರು ಮೊದಲು ನೋಡೋದೇ ಆ ಸಾಲು. ಅಲ್ಲಿ 1954ರ ಆರ್ಮಿ ರೂಲ್ಸ್‌ನ ನಿಯಮ 13(3) ಅಂತ ಬರೆದು, ಮುಂದೆ ರೋಮನ್ ಮೂರು, ಅದರ ಪಕ್ಕ ಬ್ರಾಕೆಟ್‌ನಲ್ಲಿ ಇನ್ನೊಂದು ಸಣ್ಣ ರೋಮನ್ ಅಂಕಿ. ಜವಾನರಿಗೆ ಸಂಬಂಧಿಸಿದ್ದು ಹೀಗೆ: ಸಣ್ಣ ಅಂಕಿ ಒಂದು ಇದ್ದರೆ ಭರ್ತಿಯ ಷರತ್ತು ಪೂರೈಸಿ ಬಿಡುಗಡೆ, ಮೂರು ಇದ್ದರೆ ವೈದ್ಯಕೀಯವಾಗಿ ಅನರ್ಹ, ನಾಲ್ಕು ಇದ್ದರೆ ಷರತ್ತು ಮುಗಿಯೋ ಮುಂಚೆ ಸ್ವಂತ ಕೋರಿಕೆ, ಐದು ಇದ್ದರೆ ಉಳಿದ ಎಲ್ಲ ಕಾರಣಗಳು. ಒಂದು ಕಂಡರೆ ಪೆನ್ನು ಮುಂದೆ ಹೋಗುತ್ತೆ. ನಾಲ್ಕು ಕಂಡು ಪಿಂಚಣಿಯೂ ಇಲ್ಲ ಅಂದರೆ ಅಲ್ಲಿಗೆ ನಿಲ್ಲುತ್ತೆ. ಐದು ಕಂಡರೆ ಹೆಚ್ಚಿನ ಕಾಗದ ಕೇಳ್ತಾರೆ, ಯಾಕಂದ್ರೆ ಶಿಸ್ತಿನ ಕಾರಣಕ್ಕೆ ಮನೆಗೆ ಕಳಿಸಿದ್ದೂ ಆ ಬುಟ್ಟಿಯಲ್ಲೇ ಬೀಳುತ್ತೆ.

ಕೇಂದ್ರದ ನಿಯಮ 1979ರದು, 2012ರಲ್ಲಿ ತಿದ್ದುಪಡಿಯಾಗಿದೆ. ಅದರ ಪ್ರಕಾರ ಪಿಂಚಣಿ ಗಳಿಸಿದ ಮೇಲೆ ಸ್ವಂತ ಕೋರಿಕೆಯಿಂದ ಬಂದರೂ ಮಾಜಿ ಸೈನಿಕರೇ. ಜವಾನರಿಗೆ 15 ವರ್ಷ, ಅಧಿಕಾರಿಗಳಿಗೆ 20 ವರ್ಷದ ಸೇವೆಗೆ ಪಿಂಚಣಿ. ಹದಿನಾರನೇ ವರ್ಷ ಅರ್ಜಿ ಹಾಕಿ ಬಂದ ಜವಾನರಿಗೆ ಚೀಟಿ ಸಿಗುತ್ತೆ, ಏಳನೇ ವರ್ಷ ಬಂದವರಿಗೆ ಇಲ್ಲ. ಪಿಂಚಣಿ ಇಲ್ಲದೆಯೂ ಒಳಗೆ ಬರೋರು ಇದ್ದಾರೆ: ಒಪ್ಪಂದದ ಅವಧಿ ಪೂರ್ತಿ ಮುಗಿಸಿ ಗ್ರಾಚ್ಯುಟಿ ಪಡೆದು ಬಂದವರು, ಶಾರ್ಟ್ ಸರ್ವಿಸ್ ಅಧಿಕಾರಿಗಳು ಇದರಲ್ಲೇ ಬರ್ತಾರೆ. ಸಿಬ್ಬಂದಿ ಕಡಿತದಲ್ಲಿ ಬಿಡುಗಡೆಯಾದವರು ಕೂಡ. ಶೌರ್ಯ ಪ್ರಶಸ್ತಿ ಪಡೆದವರು ಕೂಡ. ಟೆರಿಟೋರಿಯಲ್ ಆರ್ಮಿಯವರಲ್ಲಿ (ಅರೆಕಾಲಿಕ ಸೇನೆ) ನಿರಂತರ ಎಂಬಾಡೀಡ್ ಸೇವೆಗೆ (ಕರೆಸಿಕೊಂಡು ಪೂರ್ಣಾವಧಿ ಮಾಡಿಸಿದ್ದು) ಅಥವಾ ಬಿಡಿ ಬಿಡಿಯಾದ ಅರ್ಹ ಸೇವೆಗೆ ಪಿಂಚಣಿ ಪಡೆದವರು, ಸೇವೆಯಿಂದಲೇ ಅಂಗವೈಕಲ್ಯ ಆದವರು, ಶೌರ್ಯ ಪ್ರಶಸ್ತಿಯವರು ಮಾತ್ರ. ವೈದ್ಯಕೀಯ ಕಾರಣಕ್ಕೆ ಬಂದವರಿಗೆ ಆ ಕಾಯಿಲೆ ಅಥವಾ ಗಾಯ ಸೇವೆಯಿಂದ ಇಲ್ಲವೇ ಅವರ ಕೈಮೀರಿದ ಕಾರಣದಿಂದ ಬಂದದ್ದು ಅಂತ ದಾಖಲಾಗಿರಬೇಕು, ಜೊತೆಗೆ ವೈದ್ಯಕೀಯ ಅಥವಾ ಅಂಗವೈಕಲ್ಯ ಪಿಂಚಣಿ ಮಂಜೂರಾಗಿರಬೇಕು. ಮೆಡಿಕಲ್ ಬೋರ್ಡ್ ಕಾಗದದಲ್ಲಿ ಆ ಒಂದು ಸಾಲು ಹೇಗಿದೆ ಅನ್ನೋದರ ಮೇಲೆ ಎಲ್ಲ ನಿಂತಿದೆ. ಹಳೇ ಕಾಲದಲ್ಲಿ ಬಿಡುಗಡೆಯಾದವರಿಗೆ ಅಳತೆಗೋಲು ಬೇರೆ. ಬಿಡುಗಡೆಯ ದಿನಾಂಕ 1987ರ ಜುಲೈ 1ಕ್ಕಿಂತ ಹಿಂದಿನದಾದರೆ ಈಗಿನ ನಿಯಮ ಹಿಡಿದು ನೀವೇ 'ಇಲ್ಲ' ಅಂತ ತೀರ್ಮಾನ ಮಾಡ್ಕೋಬೇಡಿ, ಪುಸ್ತಕ ತಗೊಂಡು ಹೋಗಿ ತೋರಿಸಿ.

ಅಗ್ನಿವೀರರ ಬಗ್ಗೆ ಯಾರಾದರೂ ಕೇಳೋ ಮುಂಚೆ: ನಾಲ್ಕು ವರ್ಷ ಮುಗಿಸಿ ಬಂದವರಿಗೆ ಮಾಜಿ ಸೈನಿಕ ಸ್ಥಾನಮಾನ ಇಲ್ಲ ಅಂತ ಭರ್ತಿಯ ಷರತ್ತಿನಲ್ಲೇ ಬರೆದಿದ್ದಾರೆ.

ಕಾಫಿ_ಕಣ:

ಡಿಸ್ಚಾರ್ಜ್ ಬುಕ್ಕೇ ಕಳೆದವರಿಗೆ ಎರಡು ಮಾತು, ಕೊಡಗಿನ ಮಳೆಗಾಲದಲ್ಲಿ ಟ್ರಂಕಿನಲ್ಲೇ ಗೆದ್ದಲು ಹಿಡಿದುಹೋಗೋದು ಸಾಮಾನ್ಯ. ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ಅಫಿಡವಿಟ್ ಮಾಡಿಸಿ, ನಕಲು ಪ್ರತಿಗೆ ಅರ್ಜಿಯನ್ನು ಸೈನಿಕ್ ಬೋರ್ಡ್ ಮೂಲಕ ರೆಕಾರ್ಡ್ ಆಫೀಸಿಗೆ ಕಳಿಸಿ. ಯಾವ ರೆಕಾರ್ಡ್ ಆಫೀಸ್ ಅನ್ನೋದು ಕೊನೆಯ ಪೋಸ್ಟಿಂಗ್ ಮೇಲಲ್ಲ, ರೆಜಿಮೆಂಟ್ ಅಥವಾ ಕೋರ್ ಮೇಲೆ. ಎಂಇಜಿಯವರಿಗೆ (ಮದ್ರಾಸ್ ಎಂಜಿನಿಯರ್ ಗ್ರೂಪ್) ಬೆಂಗಳೂರು, ಸಿಗ್ನಲ್ಸ್‌ಗೆ ಜಬಲ್ಪುರ, ಆರ್ಟಿಲರಿಗೆ ನಾಸಿಕ್ ರೋಡ್, ಇಎಂಇಗೆ (ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್ ಎಂಜಿನಿಯರ್‌ಗಳ ಕೋರ್) ಸಿಕಂದರಾಬಾದ್, ಮದ್ರಾಸ್ ರೆಜಿಮೆಂಟಿಗೆ ವೆಲಿಂಗ್ಟನ್. ವಾಯುಪಡೆಗೆ ದೆಹಲಿಯ ಸುಬ್ರೊತೊ ಪಾರ್ಕ್, ನಾವಿಕರಿಗೆ ಮುಂಬೈ ಮಾನ್‌ಖುರ್ದ್‌ನ ಬ್ಯೂರೋ ಆಫ್ ಸೇಲರ್ಸ್. ಗೆದ್ದಲು ತಿಂದು ಚೂರು ಉಳಿದಿದ್ದರೆ ಆ ಚೂರನ್ನೂ ಲಗತ್ತಿಸಿ, ಸಂಖ್ಯೆಯ ಪುಟ ಉಳಿದಿದ್ದರೆ ಕೆಲಸ ಅರ್ಧ ಆದಂತೆ. ಪುಸ್ತಕವನ್ನು ಪೂರ್ತಿ ಸ್ಕ್ಯಾನ್ ಮಾಡಿ ಎರಡು ಕಡೆ ಇಡಿ, ಆದರೆ ಅಸಲಿಗೆ ಲ್ಯಾಮಿನೇಷನ್ ಮಾಡಿಸಬೇಡಿ. ಆಮೇಲೆ ಬರುವ ನಮೂದು, ಸೀಲು ಹಾಕೋಕೆ ಜಾಗವೇ ಇರೋದಿಲ್ಲ.

ಮಾಜಿ ಸೈನಿಕರು ತೀರಿಕೊಂಡ ಮೇಲೆ ಅವರ ಚೀಟಿ ಮನೆಯವರು ಬಳಸೋ ಹಾಗಿಲ್ಲ. ಅದನ್ನು ಒಪ್ಪಿಸಿ, ಮರಣ ಪ್ರಮಾಣಪತ್ರ ಮತ್ತು ಕುಟುಂಬ ಪಿಂಚಣಿಯ ಪಿಪಿಒ ತೋರಿಸಿ, ಪತ್ನಿಯ ಹೆಸರಲ್ಲಿ ಪ್ರತ್ಯೇಕ ಚೀಟಿ ಮಾಡಿಸಬೇಕು. ಮಕ್ಕಳಿಗೆ ಚೀಟಿ ಇಲ್ಲ, ಅವರಿಗೆ ಕೆಲಸಕ್ಕೆ ಬರೋದು ಅವಲಂಬಿತರ ಪ್ರಮಾಣಪತ್ರ. ಪ್ರಧಾನಮಂತ್ರಿ ವಿದ್ಯಾರ್ಥಿವೇತನಕ್ಕಂತೂ (ಹುಡುಗಿಯರಿಗೆ ತಿಂಗಳಿಗೆ 3000, ಹುಡುಗರಿಗೆ 2500 ರೂಪಾಯಿ) ಚೀಟಿಯ ಜೆರಾಕ್ಸ್ ಸಾಲದು, ನಿಗದಿತ ನಮೂನೆಯಲ್ಲಿ ಬೋರ್ಡ್ ಸಹಿ ಮಾಡಿದ ಪ್ರಮಾಣಪತ್ರವೇ ಬೇಕು. ಕೊನೇ ದಿನದ ಹಿಂದಿನ ವಾರ ಬೋರ್ಡ್ ಮುಂದೆ ಸಾಲು ನೋಡಿದರೆ ಅರ್ಥ ಆಗುತ್ತೆ.

ಟೋಲ್‌ನಲ್ಲಿ ಈ ಚೀಟಿ ತೋರಿಸಿ ಜಗಳ ಮಾಡೋರಿದ್ದಾರೆ. 1901ರ ಟೋಲ್ ಕಾಯ್ದೆಯ ವಿನಾಯಿತಿ ಕರ್ತವ್ಯದ ಮೇಲಿರೋರಿಗೆ, ನಿವೃತ್ತರಿಗಲ್ಲ.

ಹಾವೇರಿ_ಟು_ಮೈಸೂರು:

ಎಲ್ಲರಿಗೂ ಧನ್ಯವಾದ. ಪುಸ್ತಕ ತೆಗೆದು ನೋಡಿದೆ, ರೋಮನ್ ಮೂರು, ಬ್ರಾಕೆಟ್‌ನಲ್ಲಿ ಒಂದು. ಸಂಖ್ಯೆಯ ಕೊನೆಯ ಅಕ್ಷರ ಪಿಪಿಒಗೂ ತಾಳೆಯಾಗುತ್ತೆ. ಒಂದೇ ಅನುಮಾನ: ಅಮ್ಮನ ತಿದ್ದುಪಡಿ ಮುಗಿಯೋ ತನಕ ಅಪ್ಪನ ಚೀಟಿಗೆ ಕಾಯಬೇಕಾ? ಮತ್ತೆ, ಧಾರವಾಡದವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಚೀಟಿ ಫೋಟೊ ಕಳಿಸಿದರೆ ನಡೆಯುತ್ತಾ?

ಕಡತದ_ಕಂತೆ:

ಕಾಯಬೇಡಿ. ಚೀಟಿ ಅಪ್ಪನ ಗುರುತಿಗೆ, ಅವರ ಪುಸ್ತಕ ಮತ್ತು ಪಿಪಿಒ ಹೊಂದಿದರೆ ಸಾಕು. ಆಧಾರ್ ಹೆಸರು ಒಂದು ಸರಿಮಾಡಿಸಿ ಹೋಗಿ, ಅಲ್ಲೇ ಮೈಸೂರು ವಿಳಾಸವನ್ನೂ ಹಾಕಿಸಿಬಿಡಿ, ಒಂದೇ ಭೇಟಿಯಲ್ಲಿ ಎರಡೂ ಮುಗಿಯುತ್ತೆ. ನೋಂದಣಿ ಮೈಸೂರಿಗೆ ಬಂದ ಮೇಲೆ ಅಮ್ಮನ ಅರ್ಜಿಗೆ ಕೌಂಟರ್‌ಸೈನ್ ಕೂಡ ಇಲ್ಲೇ ಸಿಗುತ್ತೆ. ಅದನ್ನು ಮುಂಚೆಯೇ ಕಳಿಸಬೇಕು ಅಂದರೆ ಮಾತ್ರ ಧಾರವಾಡದ ಸಹಿ.

ವಾಟ್ಸ್‌ಆ್ಯಪ್ ಬೇಡ. ಹಳೇ ಸಾಮಾನು ಮಾರೋ ಆ್ಯಪ್‌ಗಳಲ್ಲಿ 'ನಾನು ಆರ್ಮಿಯವನು, ವರ್ಗಾವಣೆ ಆಗಿದೆ, ಗಾಡಿ ಅಗ್ಗಕ್ಕೆ ಕೊಡ್ತೀನಿ' ಅಂತ ಮೋಸಗಾರರು ಕಳಿಸೋ ಗುರುತಿನ ಚೀಟಿಗಳು ಹೀಗೇ ಯಾರದೋ ಫೋನಿನಿಂದ ಸೋರಿದವಾಗಿರಬಹುದು. ಕಾಗದದ ಜೆರಾಕ್ಸ್ ಕಳಿಸಿ. ಅದರ ಮೇಲೆ ಅಡ್ಡಲಾಗಿ ಪೆನ್ನಿನಲ್ಲಿ 'ನೋಂದಣಿ ವರ್ಗಾವಣೆಗೆ ಮಾತ್ರ' ಅಂತ ಬರೆದು, ತಾರೀಖು ಹಾಕಿ, ಅಪ್ಪನ ಸಹಿ ಮಾಡಿಸಿ. ಬರಹ ಸಂಖ್ಯೆಯ ಮೇಲೆ ಬೀಳದ ಹಾಗೆ ನೋಡ್ಕೊಳ್ಳಿ, ಅವರು ಓದಬೇಕಾದ್ದೇ ಅದು.